ಆರಾಮ ಆಗದವರ ಸಾಕ್ಷಿ

ಧಾರವಾಡದಲ್ಲಿ ಎದುರಾದವರು ಮೊದಲು ಕೇಳುವುದೇ 'ಆರಾಮ ಅದೀರೇನ್ರಿ?' ಎಂದು. ಉತ್ತರವೂ ತಯಾರಾಗಿಯೇ ಇರುತ್ತದೆ: 'ಹೂಂ ರೀ, ಆರಾಮ.' ಕೇಳಿದವರೂ ನಿಲ್ಲುವುದಿಲ್ಲ, ಹೇಳಿದವರೂ ನಿಲ್ಲುವುದಿಲ್ಲ. ಒಬ್ಬರ ಕೈಯಲ್ಲಿ ಕಾಯಿಪಲ್ಯೆ ಚೀಲ, ಇನ್ನೊಬ್ಬರ ಗಾಡಿ ಚಾಲೂ. ಜಡ್ಡು ಬಿದ್ದರೆ 'ಆರಾಮಿಲ್ಲ', ಗುಣವಾದರೆ 'ಆರಾಮ ಆತು'. ನೆಮ್ಮದಿಗೂ ಆರೋಗ್ಯಕ್ಕೂ ವಿಶ್ರಾಂತಿಗೂ ನಮ್ಮ ಕಡೆ ಒಂದೇ ಶಬ್ದ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು, ಶಬ್ದಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ನನ್ನ ಕಸುಬು. ಆದರೂ ಈ ಶಬ್ದ ಇಷ್ಟು ಭಾರ ಇದೆ ಎಂದು ತಿಳಿದದ್ದು ನಾಲ್ಕು ವರ್ಷದ ಹಿಂದೆ, ನಮ್ಮನೆಯವರ ಎರಡೂ ಕಿಡ್ನಿ ಕೈಕೊಟ್ಟ ಮೇಲೆ.

'ಆರಾಮ' ಎಂದರೆ ಸುಳ್ಳು. 'ಆರಾಮಿಲ್ಲ' ಎಂದರೆ ರಸ್ತೆಯಲ್ಲಿ ನಿಂತು ಹದಿನೈದು ನಿಮಿಷದ ಕಥೆ. ಚರ್ಚಿನವರು ಕೇಳಿದರೆ ಇನ್ನೂ ಕಷ್ಟ. ಅವರು ನಮಗಾಗಿ ಉಪವಾಸ ಮಾಡಿದವರು, ಮೊಣಕಾಲೂರಿದವರು. ಅವರ 'ಆರಾಮ ಅದಾರೇನ್ರಿ?' ಒಳಗೆ ಇನ್ನೊಂದು ಪ್ರಶ್ನೆ ಕೂತಿರುತ್ತದೆ: ನಮ್ಮ ಪ್ರಾರ್ಥನೆ ಏನಾತು?

ಇವರು ಕೆಇಬಿಯಲ್ಲಿ ಲೈನ್‌ಮನ್. ಇಲಾಖೆಯ ಹೆಸರು ಬದಲಾಗಿ ಎಷ್ಟೋ ವರ್ಷವಾಯಿತು, ಜನ ಈಗಲೂ ಕೆಇಬಿ ಎಂದೇ ಕರೆಯುವುದು. ಮಳೆಯಲ್ಲಿ ಕಂಬ ಹತ್ತಿದ ಮನುಷ್ಯನಿಗೆ ತನ್ನ ಬಿ.ಪಿ. ಎಷ್ಟಿದೆ ಎಂದು ಒಮ್ಮೆಯೂ ನೋಡಿಸಬೇಕು ಅನ್ನಿಸಿರಲಿಲ್ಲ. ಪಾದ ಊದಿಕೊಂಡಿತು, ಬೂಟು ಹಿಡಿಸಲಿಲ್ಲ ಎಂದು ಒಂದು ನಂಬರ್ ದೊಡ್ಡದು ತಂದರು. ವಾಂತಿ ಶುರುವಾದಾಗ ಪಿತ್ತ ಅಂದುಕೊಂಡೆವು. ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ನಮ್ಮಿಬ್ಬರನ್ನೂ ಕೂರಲು ಹೇಳಿದರು. ಅವರು ಹೆಚ್ಚು ಮಾತಾಡಲಿಲ್ಲ, ಅಷ್ಟರಲ್ಲೇ ತಿಳಿಯಿತು.

ಡಯಾಲಿಸಿಸ್‌ಗೆ ಮುಂಚೆ ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಸೇರಿಸಿ ಹೊಲಿದರೆ ರಕ್ತ ಜೋರಾಗಿ ನುಗ್ಗಿ ಆ ನರ ಉಬ್ಬುತ್ತದೆ, ಸೂಜಿ ಚುಚ್ಚಲು ಅನುಕೂಲವಾಗುತ್ತದೆ. ಅಲ್ಲಿ ಬೆರಳಿಟ್ಟರೆ ಗುಂಯ್ ಎಂದು ನಡುಗುವುದು ತಿಳಿಯುತ್ತದೆ. ನಡುಕ ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ಅರ್ಥ, ಕೂಡಲೇ ಆಸ್ಪತ್ರೆಗೆ ಓಡಬೇಕು. ಮೊದಲ ದಿನ ಇವರು ಕರೆದರು, 'ಏ, ಇಲ್ಲಿ ಬಾ, ಕೈ ಇಟ್ಟು ನೋಡು. ಟಿ.ಸಿ. ನಡದೈತಿ.' ಓಣಿಯ ಮೂಲೆಯ ಟ್ರಾನ್ಸ್‌ಫಾರ್ಮರಿನ ಸದ್ದು ನಮ್ಮನೆಯವರ ಮೊಣಕೈ ಕೆಳಗೆ. ಅಂದಿನಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಅಲ್ಲಿ ಬೆರಳಿಡುತ್ತೇನೆ. ಪ್ರಾರ್ಥನೆ ಆಮೇಲೆ.

ವಾರಕ್ಕೆ ಮೂರು ಸಲ, ಸೋಮವಾರ ಬುಧವಾರ ಶುಕ್ರವಾರ, ಒಂದೊಂದು ಸಲಕ್ಕೆ 4 ತಾಸು. ಎರಡು ಸೂಜಿ, ಒಂದರಿಂದ ರಕ್ತ ಹೊರಗೆ, ಇನ್ನೊಂದರಿಂದ ಒಳಗೆ. ಒಂದು ಸಲಕ್ಕೆ ಮಶೀನು ಸುಮಾರು 120 ಲೀಟರ್ ಶುದ್ಧ ನೀರಿನ ದ್ರಾವಣ ಬಳಸುತ್ತದೆ. ಮಲಗಿದವನಿಗೆ ಮಾತ್ರ ದಿನಕ್ಕೆ ಒಂದು ಲೀಟರಿಗಿಂತ ಕಡಿಮೆ ಕುಡಿಯಲು ಅಪ್ಪಣೆ. ಮೊದಲ ದಿನವೇ ಇವರು ಟೆಕ್ನಿಷಿಯನ್ ಹುಡುಗನನ್ನು ಕೇಳಿದ್ದು, 'ತಮ್ಮಾ, ಕರೆಂಟ್ ಹ್ವಾದ್ರ?' ಬ್ಯಾಟರಿ ಇದೆ, ಜನರೇಟರ್ ಇದೆ, ಎಲ್ಲ ಕೈಕೊಟ್ಟರೆ ಪಂಪಿಗೊಂದು ಹಿಡಿಕೆ ಇದೆ, ಅದನ್ನು ಕೈಯಲ್ಲಿ ತಿರುಗಿಸಿ ರಕ್ತವನ್ನು ಮೈಗೆ ಮರಳಿಸುತ್ತೇವೆ ಎಂದ ಅವನು. ಹಿಡಿಕೆ ತೋರಿಸಿದ ಮೇಲೆಯೇ ಇವರು ಕಣ್ಣು ಮುಚ್ಚಿದ್ದು. 'ದೇವರ ಮ್ಯಾಲೆ ಭಾರ ಹಾಕೀನಿ ಖರೆ, ಹಿಡಿಕಿ ಎಲ್ಲೈತಿ ಗೊತ್ತಿರಬೇಕಲ್ಲ?' ಎಂದರು ಮನೆಗೆ ಬಂದು. ಇದರಲ್ಲಿ ಅಪನಂಬಿಕೆ ಏನೂ ಇದೆ ಅಂತ ನನಗೆ ಆವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ.

ನಮ್ಮ ಸಭೆಗಳ ಪರಿಚಯ ಇಲ್ಲದವರಿಗೆ 'ಸಾಕ್ಷಿ' ಎಂದರೆ ಕೋರ್ಟು ನೆನಪಾದೀತು. ಇಲ್ಲಿ ಸಾಕ್ಷಿ ಹೇಳುವುದೆಂದರೆ ಎದ್ದು ನಿಂತು ದೇವರು ಮಾಡಿದ ಉಪಕಾರ ಹೇಳುವುದು. ಅದಕ್ಕೊಂದು ಅಚ್ಚು ಇದೆ. ಜಡ್ಡು ಬಂತು, ಡಾಕ್ಟರು ಕೈಬಿಟ್ಟರು, ಪ್ರಾರ್ಥನೆ ಮಾಡಿದೆವು, ರಿಪೋರ್ಟ್ ನಾರ್ಮಲ್ ಬಂತು, ಡಾಕ್ಟರೇ ಬೆರಗಾದರು, ಕರ್ತನಿಗೆ ಸ್ತೋತ್ರ. ನಾನು ಇದನ್ನು ಹಗುರ ಮಾಡುತ್ತಿಲ್ಲ. ನನ್ನ ತಂಗಿಯ ಮಗ ಹುಟ್ಟಿದ ಮೂರನೇ ದಿನಕ್ಕೆ ಉಸಿರು ಬಿಡುವ ಹಾಗಿದ್ದ. ರಾತ್ರಿಯಿಡೀ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೇಡಿದ್ದೇವೆ. ಅವನು ಈಗ ಓಣಿಯ ಕಿಟಕಿ ಗಾಜು ಒಡೆಯುವಷ್ಟು ಚೆನ್ನಾಗಿ ಕ್ರಿಕೆಟ್ ಆಡುತ್ತಾನೆ. ದೇವರು ಗುಣಪಡಿಸುತ್ತಾನೆ ಎಂದು ನಂಬುವವಳೇ ನಾನು. ನನ್ನ ತಕರಾರು ಏನೆಂದರೆ, ಆ ಅಚ್ಚಿನ ಕೊನೆಯ ಸಾಲು ಬರದವರಿಗೆ ನಮ್ಮಲ್ಲಿ ಎದ್ದು ನಿಲ್ಲುವ ಸರದಿಯೇ ಇಲ್ಲ.

ಎರಡನೇ ವರ್ಷ ಒಂದು ಸ್ವಸ್ಥತಾ ಕೂಟಕ್ಕೆ ಹೋದೆವು. ದೊಡ್ಡ ಮೈದಾನ, ಪೆಂಡಾಲು, ಕೀಬೋರ್ಡು. ಹೊರಗಿನಿಂದ ಬಂದ ಪ್ರಸಂಗಿಗಳು ಇವರ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ನನಗೂ ಕಣ್ಣೀರು ಬಂತು, ಸುಳ್ಳು ಹೇಳಲಾರೆ. ಆಮೇಲೆ ಮೈಕಿನಲ್ಲಿ ಒಂದು ಮಾತು ಬಂತು: 'ನಂಬಿದವನಿಗೆ ಮಶೀನು ಯಾಕೆ?' ಡಯಾಲಿಸಿಸ್ ಬಿಡಿ ಎಂದು ಅವರು ಹೇಳಲಿಲ್ಲ. ಪ್ರಶ್ನೆ ಕೇಳಿ ಬಿಟ್ಟರು, ಅಷ್ಟೇ. ಗುರುವಾರ ರಾತ್ರಿ ಆ ಮಾತು ನಮ್ಮ ಮನೆಗೆ ಬಂದು ಮಲಗಿತು. ಶುಕ್ರವಾರ ಬೆಳಿಗ್ಗೆ ಇವರು, 'ಇವತ್ತೊಂದಿನ ಬಿಟ್ಟು ನೋಡೂಣು' ಎಂದರು. ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಬೇಡ ಎಂದರೆ ನನ್ನ ನಂಬಿಕೆ ಸಾಲದು ಎಂದಾಗುತ್ತದೋ ಎಂಬ ಹೆದರಿಕೆ.

ಶನಿವಾರ ಮುಖ ಕಳೆಯಾಗಿಯೇ ಇತ್ತು. ಖುಷಿಯಲ್ಲಿ ಎರಡು ವರ್ಷದಿಂದ ಮುಟ್ಟದ ಎಳನೀರು ಕುಡಿದರು, ಪೂರ್ತಿ ಒಂದು ಕಾಯಿ. ರವಿವಾರ ರಾತ್ರಿ ಮಲಗಲು ಆಗಲಿಲ್ಲ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆ, ಎದ್ದು ಕೂತರೆ ಗೊರಗೊರ. ಆಟೋದಲ್ಲಿ ನನ್ನ ಹೆಗಲ ಮೇಲೆ ಅವರ ತಲೆ ಹಸಿ ಮಣ್ಣಿನ ಹೆಂಟೆಯಷ್ಟು ಭಾರ. ಪೊಟ್ಯಾಶಿಯಂ 7 ದಾಟಿತ್ತು. 5ರ ಒಳಗಿರಬೇಕಾದದ್ದು ಅದು, ಹೆಚ್ಚಾದರೆ ಹೃದಯ ಯಾವ ಕ್ಷಣಕ್ಕಾದರೂ ನಿಲ್ಲಬಹುದು. ಎಳನೀರಿನ ತುಂಬ ಪೊಟ್ಯಾಶಿಯಂ ಎಂದು ಡಯಟ್ ಚೀಟಿಯಲ್ಲಿ ಕೆಂಪು ಅಕ್ಷರದಲ್ಲಿ ಬರೆದಿತ್ತು. ನಾನೇ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ನಸುಕಿನ ಮೂರು ಗಂಟೆಗೆ ಎಬ್ಬಿಸಿದ ಟೆಕ್ನಿಷಿಯನ್ ಹುಡುಗ ಕಣ್ಣುಜ್ಜುತ್ತ ಬಂದು ಸೂಜಿ ಹಾಕಿದ, ಒಂದು ಮಾತೂ ಬೈಯಲಿಲ್ಲ. ಅವನ ಆ ಮೌನಕ್ಕೆ ನಾನು ಇವತ್ತಿಗೂ ಋಣಿ.

ಆಮೇಲಿನ ವಾರ ಸಭೆಯ ಒಬ್ಬ ಅಕ್ಕನವರು ನನ್ನ ಕೈ ಹಿಡಿದು, ಬಹಳ ಪ್ರೀತಿಯಿಂದಲೇ, 'ಎಲ್ಲೋ ನಂಬಿಕಿ ಕಡಿಮಿ ಬಿತ್ತವ್ವಾ' ಎಂದರು.

ಅಂದು ರಾತ್ರಿ ಸಿಟ್ಟಿನಲ್ಲೇ ಸತ್ಯವೇದ ತೆಗೆದೆ. ಯೋಹಾನನ ಸುವಾರ್ತೆಯ ಐದನೇ ಅಧ್ಯಾಯ, ಬೇತ್ಸಥಾ ಕೊಳ. ನೀರು ಕಲಕಿದಾಗ ಮೊದಲು ಇಳಿದವರಿಗೆ ಗುಣ ಎಂಬ ನಂಬಿಕೆ ಅಲ್ಲಿ. ಐದು ಮಂಟಪಗಳ ತುಂಬ ರೋಗಿಗಳು, ಕುರುಡರು, ಕುಂಟರು. ಯೇಸು ಅವರಲ್ಲಿ ಒಬ್ಬನ ಹತ್ತಿರ ಹೋಗುತ್ತಾನೆ, 38 ವರ್ಷದಿಂದ ಬಿದ್ದಿದ್ದವನ ಹತ್ತಿರ. ಆ ಮನುಷ್ಯ ನಂಬುತ್ತೇನೆ ಎನ್ನುವುದಿಲ್ಲ, ಗುಣಮಾಡು ಎಂದೂ ಬೇಡುವುದಿಲ್ಲ. ತನ್ನನ್ನು ನೀರಿಗೆ ಇಳಿಸುವವರಿಲ್ಲ ಎಂದು ದೂರು ಹೇಳುತ್ತಾನೆ. ಗುಣವಾದ ಮೇಲೂ ಗುಣಪಡಿಸಿದವನು ಯಾರೆಂದು ಅವನಿಗೆ ಗೊತ್ತಿಲ್ಲ. ಯೇಸು ಗುಂಪಿನಿಂದ ಸರಿದು ಹೋಗಿಬಿಟ್ಟಿದ್ದಾನೆ. ನಂಬಿಕೆಯ ತಕ್ಕಡಿ ಹಿಡಿದು ಕೂತವರಿಗೆ ಈ ಕಥೆ ಎರಡು ಕಡೆಯಿಂದ ಚುಚ್ಚುತ್ತದೆ. ನಂಬಿಕೆ ತೂಗದೇ ಒಬ್ಬ ಎದ್ದು ನಡೆದ. ಉಳಿದವರೋ? ಐದು ಮಂಟಪದ ಉಳಿದ ಜನ ಅಂದು ಸಂಜೆಯೂ ಅಲ್ಲೇ ಇದ್ದರು. ಅವರ ಬಗ್ಗೆ ಯೋಹಾನ ಬರೆಯಲಿಲ್ಲ. ನಾನು ಮಾತ್ರ ಅವರ ಚಾಪೆಯ ಪಕ್ಕದಲ್ಲೇ ನನ್ನ ಚಾಪೆ ಹಾಸಿಕೊಂಡೆ.

ಇನ್ನೊಬ್ಬ ಸಿಕ್ಕಿದ್ದು ಸತ್ಯವೇದದ ಪತ್ರಗಳಲ್ಲಿ. ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಗೆ, ಎಲ್ಲರಿಗೂ ವಂದನೆ ಹೇಳುವ ಗಡಿಬಿಡಿಯಲ್ಲಿ, ಅರ್ಧ ಸಾಲು: ತ್ರೊಫಿಮನು ಅಸ್ವಸ್ಥನಾಗಿದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ. ಅಷ್ಟೇ. ಈ ತ್ರೊಫಿಮ ಎಫೆಸದವನು ಎಂದು ಸತ್ಯವೇದದ 'ಅಪೊಸ್ತಲರ ಕೃತ್ಯಗಳು' ಪುಸ್ತಕ ಹೇಳುತ್ತದೆ. ಪೌಲನ ಮೈಗೆ ತಾಗಿದ ಬಟ್ಟೆ ಒಯ್ದು ಹಾಕಿದರೂ ರೋಗ ವಾಸಿಯಾಗುತ್ತಿತ್ತು ಎಂದು ಅದೇ ಪುಸ್ತಕ ಬರೆದದ್ದು ಅದೇ ಎಫೆಸದ ಬಗ್ಗೆ. ಅಂಥ ಊರಿನವನು, ಅಂಥವನ ಜೊತೆ ಸಮುದ್ರ ದಾಟಿದವನು, ಜಡ್ಡು ಬಿದ್ದು ಯಾವುದೋ ಬಂದರಿನಲ್ಲಿ ಉಳಿದ. ಪೌಲ ಅವನ ನಂಬಿಕೆಯ ಬಗ್ಗೆ ಚಕಾರ ಎತ್ತುವುದಿಲ್ಲ, ಕಾರಣ ಕೊಡುವುದಿಲ್ಲ, ತನ್ನ ಪ್ರಾರ್ಥನೆ ಏನಾಯಿತು ಎಂದು ಸಮಜಾಯಿಷಿಯನ್ನೂ ಹೇಳುವುದಿಲ್ಲ. ತಿಮೊಥೆಯನ ಹೊಟ್ಟೆಯೂ ಆಗಾಗ ಕೆಡುತ್ತಿತ್ತು. ಅವನಿಗೆ ಪೌಲ ಹೇಳಿದ್ದು ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು, ನಮ್ಮಜ್ಜಿ ಅಜವಾನ ಹೇಳಿದ ಹಾಗೆ. ಇಷ್ಟು ವರ್ಷ ಚರ್ಚಿಗೆ ಹೋಗಿದ್ದೇನೆ, ತ್ರೊಫಿಮನ ಮೇಲೆ ಒಂದು ಪ್ರಸಂಗ ಕೇಳಿಲ್ಲ.

ಇನ್ನೊಂದು ಕಡೆಯವರೂ ಇದ್ದಾರೆ, ಅವರ ಮೇಲೂ ನನಗೆ ಸಿಟ್ಟಿದೆ. ಬೇಡುವ ಮೊದಲೇ 'ದೇವರ ಚಿತ್ತ ಇದ್ದಂಗ ಆಗಲಿ' ಎಂದು ಕೈತೊಳೆದುಕೊಳ್ಳುವವರು. ಗುಣವಾಗದಿದ್ದರೆ ಮುಜುಗರವಾಗದಿರಲಿ ಎಂದು ಮುಂಗಡವಾಗಿ ಕಟ್ಟುವ ವಿಮೆಯ ಕಂತು ಅದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಆ ಮಾತನ್ನು ಮೊದಲು ಹೇಳಲಿಲ್ಲ. ಮೊದಲು ಬೇಡಿದ, ಈ ಪಾತ್ರೆ ನನ್ನಿಂದ ತೊಲಗಲಿ ಎಂದು ನೆಲಕ್ಕೆ ಬಿದ್ದು ಬೇಡಿದ. ಒಂದಲ್ಲ, ಮೂರು ಸಲ. ಪೌಲನೂ ತನ್ನ ಶರೀರದ ಶೂಲಕ್ಕಾಗಿ ಮೂರು ಸಲವೇ ಬೇಡಿದ್ದು, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಸಿಕ್ಕಿದ್ದು ಆಮೇಲೆ. ನಾವು ಆ ಉತ್ತರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ, ಅದಕ್ಕೆ ಮುಂಚಿನ ಮೂರು ಕೂಗನ್ನು ಬಿಟ್ಟುಬಿಡುತ್ತೇವೆ. ನಾನು ಇವತ್ತಿಗೂ ದಿನಾ ಬೇಡುತ್ತೇನೆ. ಸ್ಪಷ್ಟವಾಗಿ, ಅಂಗದ ಹೆಸರು ಹಿಡಿದು.

ನಾನು ಬೇಡುವ ಕನ್ನಡವೂ ಇಂಥದ್ದನ್ನೆಲ್ಲ ಕಂಡದ್ದೇ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಕನ್ನಡ ಬೈಬಲ್ಲಿನ ಅನುವಾದಕ್ಕೆ ದುಡಿದ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ವಿಧವೆಯನ್ನು ಮದುವೆಯಾದವರು 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್, ಆಕೆಯ ಕಾಯಿಲೆಯಿಂದಾಗಿ 1860ರಲ್ಲಿ ಜರ್ಮನಿಗೆ ಮರಳಿದರು. ಅದೇ 1860ರಲ್ಲಿ ಮದುವೆಯಾದ ಕಿಟೆಲ್ 1864ರಲ್ಲಿ ಹೆಂಡತಿ ಪೌಲೀನಳನ್ನು ಕಳೆದುಕೊಂಡರು. ನನ್ನ ಮೇಜಿನ ಮೇಲಿರುವ ಅವರ ನಿಘಂಟು ಬಂದದ್ದು 1894ರಲ್ಲಿ. ನಡುವೆ 30 ವರ್ಷ. ಮಕ್ಕಳ ನಿಬಂಧ ತಿದ್ದುವಾಗ ಯಾವುದೋ ಶಬ್ದ ಹುಡುಕಲು ಅದನ್ನು ತೆರೆಯುತ್ತೇನೆ, ಒಮ್ಮೊಮ್ಮೆ ಶಬ್ದ ಮರೆತು ಆ ಮನುಷ್ಯನ ಬಗ್ಗೆ ಯೋಚಿಸುತ್ತ ಕೂತುಬಿಡುತ್ತೇನೆ. ಅವರೂ ಬೇಡಿರಲೇಬೇಕು.

ಮೂರನೇ ವರ್ಷ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಹೋದೆವು. ಶುಕ್ರವಾರ ಡಯಾಲಿಸಿಸ್ ಮುಗಿಸಿ, ರಾತ್ರಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಬದಲಿಸಿ, ಕಾಟ್ಪಾಡಿಯಲ್ಲಿ ಇಳಿದದ್ದು. ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಶುರುಮಾಡಿದ ಆಸ್ಪತ್ರೆ ಅದು, ದೇಶದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದೂ ಅಲ್ಲೇ, 1971ರಲ್ಲಿ. ನನ್ನ ಕಿಡ್ನಿ ಕೊಡುವುದೆಂದು ನಾನು ನಿರ್ಧರಿಸಿ ಆಗಿತ್ತು. ರಕ್ತದ ಗುಂಪು ಹೊಂದಿತು. ಆಮೇಲೆ ಕ್ರಾಸ್‌ಮ್ಯಾಚ್, ಇಬ್ಬರ ರಕ್ತ ಬೆರೆಸಿ ನೋಡುವ ಪರೀಕ್ಷೆ. ಫಲಿತಾಂಶ ಪಾಸಿಟಿವ್ ಎಂದಾಗ ಒಂದು ಕ್ಷಣ ನನ್ನ ಮುಖ ಅರಳಿತು. ಹಾಗಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಮುಂಚೆ ರಕ್ತ ಏರಿಸಿದ್ದರಿಂದ ಇವರ ಮೈಯಲ್ಲಿ ಪ್ರತಿಕಾಯಗಳು ಹುಟ್ಟಿಕೊಂಡಿವೆ, ನನ್ನ ಕಿಡ್ನಿ ಇಟ್ಟರೆ ಅವು ಕೂಡಲೇ ಮೇಲೆ ಬೀಳುತ್ತವೆ. 26 ವರ್ಷ ಒಂದೇ ತಾಟಿನಲ್ಲಿ ಉಂಡ ಮನುಷ್ಯನ ರಕ್ತ ನನ್ನನ್ನು ಪರಕೀಯಳು ಎಂದಿತು. ಸೈನ್ಸು ಗೊತ್ತು, ಆದರೂ ನೋವಾಯಿತು. ಹೊಟ್ಟೆಕಿಚ್ಚೂ ಆಯಿತು, ಯಾರ ಮೇಲೆ ಎಂದು ಕೇಳಬೇಡಿ.

ಅಲ್ಲೇ ಕಾರಿಡಾರಿನಲ್ಲಿ ಒಬ್ಬರು ಡಾ. ಮೇರಿ ವರ್ಗೀಸರ ಕಥೆ ಹೇಳಿದರು. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋದ ಮೇಲೆ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದವರು, ಅಂಥವರಿಗಾಗಿ ಪುನರ್ವಸತಿ ಸಂಸ್ಥೆ ಕಟ್ಟಿದವರು. ನನ್ನ ಕಣ್ಣು ತುಂಬಿತು. ಇವರು ಕೇಳಿಸಿಕೊಂಡು, 'ಭಾಳ ದೊಡ್ಡ ಮನಿಷಾಳು. ನಾ ಬರೇ ಲೈನ್‌ಮನ್ ಅದೀನಿ, ನನಗ ಆರಾಮ ಆದ್ರ ಸಾಕು' ಎಂದರು. ಜಡ್ಡು ಬಿದ್ದವರೆಲ್ಲ ಸಾಧಕರಾಗಲೇಬೇಕು ಎಂಬ ಒತ್ತಾಯದಿಂದ ನನ್ನನ್ನು ಬಿಡಿಸಿದ ಮಾತು ಅದು.

ಈಗ ಹೆಸರು ರಾಜ್ಯದ 'ಜೀವಸಾರ್ಥಕತೆ' ಪಟ್ಟಿಯಲ್ಲಿದೆ. ಮಿದುಳು ನಿಷ್ಕ್ರಿಯವಾದವರ ಅಂಗಾಂಗ, ಮನೆಯವರು ಒಪ್ಪಿದರೆ, ಪಟ್ಟಿಯ ಪ್ರಕಾರ ಹಂಚಿಕೆಯಾಗುತ್ತದೆ. ಫೋನು ಎಂದು ಬರುತ್ತದೆ, ಬರುತ್ತದೋ ಇಲ್ಲವೋ, ಯಾರೂ ಹೇಳಲಾರರು. ನನ್ನ ಪ್ರಾರ್ಥನೆ ತೊಡಕಾದದ್ದು ಇಲ್ಲಿ. ಕಿಡ್ನಿ ಕೊಡು ಕರ್ತನೇ ಎಂದರೆ ಏನು ಬೇಡಿದ ಹಾಗಾಯಿತು? ಯಾರದೋ ಮನೆಯ ಹುಡುಗ ಹೆಲ್ಮೆಟ್ ಇಲ್ಲದೆ ಗಾಡಿ ತೆಗೆದುಕೊಂಡು ಹೋಗಲಿ ಎಂದೇ? ಹುಬ್ಬಳ್ಳಿ–ಧಾರವಾಡ ಬೈಪಾಸಿನ ಕಡೆಯಿಂದ ಆಂಬುಲೆನ್ಸ್ ಸದ್ದು ಕೇಳಿದರೆ ಮೊದಲು 'ಅಯ್ಯೋ ಪಾಪ' ಎನ್ನುತ್ತಿದ್ದೆ. ಈಗ ಅದರ ಹಿಂದೆಯೇ ಇನ್ನೊಂದು ಲೆಕ್ಕ ತಾನಾಗಿ ಏಳುತ್ತದೆ, ಅರ್ಧ ಕ್ಷಣ. ಆ ಅರ್ಧ ಕ್ಷಣಕ್ಕೆ ನಾನು ನಾಚಿದಷ್ಟು ಯಾವ ಪಾಪಕ್ಕೂ ನಾಚಿಲ್ಲ. ನಮ್ಮ ಸಭಾಪಾಲಕರ ಹತ್ತಿರ ಹೇಳಿಕೊಂಡೆ. 'ಒಬ್ಬರು ಸತ್ತು ಇನ್ನೊಬ್ಬರಿಗೆ ಜೀವ ಕೊಡೂದು ನಮ್ಮ ವಿಶ್ವಾಸದ ಒಳಗೇ ಐತಲ್ಲಮ್ಮ' ಎಂದರು. ಮಾತು ಸರಿಯೇ ಇರಬಹುದು, ಆದರೆ ಬಹಳ ಬೇಗ ಬಂತು. ಕ್ರಿಸ್ತನು ತಾನಾಗಿ ಕೊಟ್ಟನು. ಆ ಹುಡುಗನನ್ನು ಕೇಳಿದವರು ಯಾರು? ಅವನ ತಾಯಿ ಆ ರಾತ್ರಿ ಏನು ಬೇಡುತ್ತಿರುತ್ತಾಳೆ? ನಾನು ಬೇಡುವುದರ ಉಲ್ಟಾ, ಅದೇ ದೇವರ ಹತ್ತಿರ.

ಹಾಗಾಗಿ ಈಗ ಆ ತಾಯಿಯ ಸಲುವಾಗಿ ಮೊದಲು ಪ್ರಾರ್ಥಿಸುತ್ತೇನೆ. ಅವಳ ಮಗ ಬದುಕಲಿ ಎಂದು. ಮನಸ್ಸಿಟ್ಟೇ ಬೇಡುತ್ತೇನೋ, ಎಲ್ಲ ಸಲ ಹೇಳಲಾರೆ. ಆಮೇಲೆ ನಮ್ಮದು. ಇವೆರಡೂ ಹೇಗೆ ಒಟ್ಟಿಗೆ ಈಡೇರುತ್ತವೆ ಎಂಬುದನ್ನು ಹೊಂದಿಸುವ ಕೆಲಸ ನನ್ನದಲ್ಲ, ಅದನ್ನು ಆತನಿಗೆ ಬಿಟ್ಟಿದ್ದೇನೆ. ದೇವರ ಮೇಲೆ ಭಾರ ಹಾಕುವುದು ಎಂದರೆ ಸದ್ಯಕ್ಕೆ ನನಗೆ ಗೊತ್ತಿರುವುದು ಇಷ್ಟು.

ಮಶೀನಿನ ಬಗ್ಗೆಯೂ ನನ್ನ ಮನಸ್ಸು ತಿರುಗಿದೆ. ಡಾಕ್ಟರ್ ಕೋಲ್ಫ್ 1943ರಲ್ಲಿ, ನಾಜಿಗಳ ವಶದಲ್ಲಿದ್ದ ನೆದರ್ಲೆಂಡ್ಸಿನಲ್ಲಿ, ಸಾಸೇಜ್ ಸುತ್ತುವ ಸೆಲೋಫೇನ್ ಕೊಳವೆಯಿಂದ ಕೆಲಸಕ್ಕೆ ಬರುವ ಮೊದಲ ಡಯಾಲಿಸಿಸ್ ಯಂತ್ರ ಮಾಡಿದ್ದು. ಎರಡು ವರ್ಷ ಅವರ ಬಳಿ ಬಂದವರು ಬಹುತೇಕ ತೀರಿಕೊಂಡರು. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಕೋಮಾದಿಂದ ಕಣ್ಣು ತೆರೆದಳು. ನಂಬಿದವನಿಗೆ ಮಶೀನು ಯಾಕೆ ಎಂದು ಇನ್ನೊಮ್ಮೆ ಯಾರಾದರೂ ಕೇಳಿದರೆ, ಆ ಸೆಲೋಫೇನಿನ ಕಥೆ ಹೇಳಿ ಸುಮ್ಮನಾಗುತ್ತೇನೆ.

ಮನೆಯಲ್ಲೊಂದು ವಹಿ ಇದೆ, ದಿನಾ ಕುಡಿದದ್ದರ ಲೆಕ್ಕ, ಮಿಲಿಲೀಟರಿನಲ್ಲಿ. ಚಹಾ 60. ಗುಳಿಗೆಗೆ ನೀರು 40. ಸಾರು 50. ರಾತ್ರಿ ಹನ್ನೆರಡಕ್ಕೆ ಗೆರೆ ಎಳೆದು ಕೂಡಿಸುವುದು, ಹೊಸ ಹಾಳೆ ಶುರು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ರವಿವಾರ ಪಾತ್ರೆಯಿಂದ ಒಂದು ಗುಟುಕು ತೆಗೆದುಕೊಂಡು ಬಂದು ಇವರು, 'ಬರಕೋ, ಐದು' ಎಂದರು. ಅದನ್ನೂ ಬರೆಯಬೇಕೇ ಎಂದೆ. 'ಕಿಡ್ನಿಗೆ ಅದೇನ್ ಗೊತ್ತು?' ಎಂದರು. ಹಾಗಾಗಿ ನಮ್ಮ ವಹಿಯಲ್ಲಿ ತಿಂಗಳಿಗೊಮ್ಮೆ ಮಜ್ಜಿಗೆಗೂ ಸಾರಿಗೂ ನಡುವೆ 'ಪ್ರಭುಭೋಜನ 5' ಎಂದು ಇರುತ್ತದೆ.

ಹೋದ ಡಿಸೆಂಬರ್ 31ರ ರಾತ್ರಿ ಕೂಟದಲ್ಲಿ ಸಾಕ್ಷಿಯ ಸಮಯ ಬಂತು. ಮನೆ ಕಟ್ಟಿದವರು ಎದ್ದರು, ನೌಕರಿ ಸಿಕ್ಕವರು ಎದ್ದರು, ಕ್ಯಾನ್ಸರ್ ಗಂಟು ಕರಗಿದ ಒಬ್ಬ ಅಜ್ಜಿ ಎದ್ದರು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಗಡಿಯಾರ ನೋಡುತ್ತ ಸಭಾಪಾಲಕರು 'ಮತ್ಯಾರಾದರೂ?' ಎಂದರು. ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ನನಗೆ ಹೇಳಿರಲಿಲ್ಲ ಇವರು.

'ಈ ವರ್ಷ 156 ಡಯಾಲಿಸಿಸ್ ಆದುವ್ರಿ' ಎಂದರು. ಸ್ವಲ್ಪ ಹೊತ್ತು ನಿಂತರು, ಮುಂದಿನದು ಹುಡುಕುವವರಂತೆ. 'ಆರಾಮ ಆಗಿಲ್ಲ. ಆದ್ರ ಅದೀನಿ.' ಕೂತುಬಿಟ್ಟರು.

ಆಮೆನ್ ಎನ್ನಬೇಕೋ ಬೇಡವೋ ಎಂದು ಜನಕ್ಕೆ ತಿಳಿಯಲಿಲ್ಲ. ಹಿಂದಿನ ಸಾಲಿನಿಂದ, 'ನಂಬಿಕಿ ಕಡಿಮಿ ಬಿತ್ತು' ಎಂದಿದ್ದ ಆ ಅಕ್ಕನವರೇ, ಗಂಟಲು ಸರಿಮಾಡಿಕೊಂಡು ಒಂದು ಆಮೆನ್ ಅಂದರು. ಅಷ್ಟರಲ್ಲಿ ಹನ್ನೆರಡರ ಗಂಟೆ ಹೊಡೆಯಿತು.

ಹೊರಗೆ ಕೇಕು, ಚಹಾ ಹಂಚುತ್ತಿದ್ದರು. ಇವರದು ದಿನದ ಲೆಕ್ಕ ಸಂಜೆಗೇ ಮುಗಿದಿತ್ತು, ನಾನು ಬೇಡ ಎಂದು ಕೈ ಅಡ್ಡ ಹಿಡಿದೆ. ಚರ್ಚಿನ ಗಡಿಯಾರದ ಕಡೆ ಗದ್ದ ಎತ್ತಿ ತೋರಿಸಿದರು. 'ಹನ್ನೆರಡಾತಲ್ಲ. ಹೊಸಾ ಹಾಳಿ.' ಅರ್ಧ ಕಪ್ ತೆಗೆದುಕೊಂಡು, ಊದಿ ಊದಿ, ಕಾಲು ಗಂಟೆ ಕುಡಿದರು.